ಗಂಟಿನ ಎರಡು ಕಡೆ

ಎರಡರ ಹತ್ತಿರ ಹೋಗಬೇಕು, ಎರಡನ್ನು ಮುಟ್ಟಬಾರದು. ಗಣಿತದ ಸುಕುಮಾರ ಸರ್ ಹೇಳಿದ ಈ ಮಾತು ಚೆನ್ನವ್ವನ ತಲೆಯಲ್ಲಿ, ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯಂತೆ, ವಾರದಿಂದ ಕೂತಿತ್ತು. ಅತ್ತ ಹೋಗದು, ಇತ್ತ ಬಾರದು.

ಎಪ್ಪತ್ತೊಂಬತ್ತರ ಆ ವರ್ಷ ಹನ್ನೆರಡನೆಯ ಸಾಯನ್ಸಿನಲ್ಲಿದ್ದ ಮಗ್ಗದವರ ಹುಡುಗಿ ಅವಳೊಬ್ಬಳೇ. ಒಂದು ಅಂಕಿಯ ಹತ್ತಿರ ಬಂದಂತೆ ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂದು ಕೇಳುವ ಲಿಮಿಟ್ಟಿನ ಲೆಕ್ಕಕ್ಕೆ ಎರಡು ಪರೀಕ್ಷೆಯಲ್ಲೂ ಸೊನ್ನೆ ಬಿದ್ದಿತ್ತು. "ನಾಳೆ ಎಲ್ಲಾರ ಮುಂದ ಮಾಡಿ ತೋರಸು. ಬರಲಿಲ್ಲಂದ್ರ ಆರ್ಟ್ಸಿಗೆ ಅರ್ಜಿ ಕೊಡು" ಎಂದು ಸರ್ ಕಡ್ಡಿ ಮುರಿದಂತೆ ಹೇಳಿದ್ದರು.

ಮಧ್ಯಾಹ್ನ ಅವ್ವನಿಗೆ ಬುತ್ತಿ ಕೊಡಲು ಕಾರಖಾನೆಗೆ ಹೋದಳು. ಅವ್ವ ಯಮುನವ್ವನದು ನೇಯ್ದ ಬಟ್ಟೆಯ ತಾಗಾ, ಅಂದರೆ ಇಡೀ ಸುರುಳಿ, ಬಿಚ್ಚಿ ತಪ್ಪು ಹುಡುಕುವ ಕೆಲಸ. ಕರೆಂಟ್ ಹೋಗಿ ಮಗ್ಗಗಳು ಸುಮ್ಮನಿದ್ದವು. ಹಾಗಾಗಿ ಮಾತು ಕೇಳುತ್ತಿತ್ತು.

"ಯಾಕಬೇ, ಮಾರಿ ಬಾಡೇತಿ?"

"ಯವ್ವಾ, ಎರಡರ ಹಂತ್ಯಾಕ ಎಡಕಿಂದ ಬಂದ್ರ ಮೂರು. ಬಲಕಿಂದ ಬಂದ್ರೂ ಮೂರು. ಎರಡರ ಮ್ಯಾಲ ನಿಂತ್ರ ಐದು. ಐದು ಅಂತ ಬರದ್ರ ತಪ್ಪ ಅಂತಾರ. ಪುಸ್ತಕದಾಗ ಐದು ಅಂತ ಎದ್ದ ಕಾಣತೈತಿ!"

"ಹಂಗಾರ ಪುಸ್ತಕಕ್ಕ ಹುಚ್ಚ ಹಿಡದೈತಿ." ಯಮುನವ್ವ ರೊಟ್ಟಿ ಬದಿಗಿಟ್ಟು ಮಗಳ ಎರಡೂ ಕೈ ಹಿಡಿದಳು. "ಕಣ್ಣ ಮುಚ್ಚ."

ಎಡಗೈ ಎಡದಿಂದ, ಬಲಗೈ ಬಲದಿಂದ ಬಟ್ಟೆಯ ಮೇಲೆ ಜಾರುತ್ತ ಬಂದವು. ನಡುವೆ ಬೆರಳಿಗೆ ಏನೋ ತಾಕಿತು.

"ಗಂಟು."

"ಗಂಟ ನನಗೂ ಗೊತ್ತೈತಿ. ಎರಡೂ ಕಡೆ ಅರಿವಿ ಹೆಂಗೈತಿ?"

"ಒಂದ ನಮೂನಿ."

"ಹಂಗಾರ ತಾಗಾ ಪಾಸ್. ಗಂಟಿನ್ನ ಯಾರ ಕೇಳ್ಯಾರ?"

ಅವ್ವ ಬಟ್ಟೆ ಎಳೆದು ಇನ್ನೊಂದು ಜಾಗಕ್ಕೆ ಕೈ ಹಚ್ಚಿಸಿದಳು. ಇಲ್ಲಿ ಗಂಟಿರಲಿಲ್ಲ. ಆದರೆ ಎಡಗಡೆ ದಟ್ಟ, ಬಲಗಡೆ ಜಾಳು.

"ಪಾಳಿ ಬದಲಾದಾಗ ಮಗ್ಗ ನಡಸೋ ರಾಯಪ್ಪ ಚಕ್ರ ಬದಲಿ ಮಾಡ್ಯಾನ, ಹಾಟ್ಯಾ. ಇದಕ್ಕ ಕತ್ರಿ."

"ಗಂಟ ಇಲ್ಲಲ್ಲ?"

"ಅದ ಮತ್ತ. ಎರಡ ಅರಿವಿ ಕೂಡ್ಯಾವ, ಯಾವದಂತ ಹೇಳಿ ಮಾರಲಿ?"

ಗಂಟಿದ್ದದ್ದು ಪಾಸು, ಗಂಟಿಲ್ಲದ್ದಕ್ಕೆ ಕತ್ತರಿ! ಚೆನ್ನವ್ವ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ಕಟ್ಟಿಕೊಂಡು ಮನೆಗೆ ಹೋದಳು. ಆರ್ಟ್ಸಿನ ಅರ್ಜಿಯನ್ನೂ ತುಂಬಿ ಪುಸ್ತಕದಲ್ಲಿಟ್ಟುಕೊಂಡಳು.

ಮರುದಿನ ಸರ್ ಕರಿಹಲಗೆಯ ಮೇಲೆ ಹೊಸ ಲೆಕ್ಕ ಬರೆದರು. ಎಕ್ಸ್ ಒಂದಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಎರಡು ಕೂಡಿಸು. ಒಂದಕ್ಕಿಂತ ಹೆಚ್ಚಿದ್ದರೆ ಐದರಲ್ಲಿ ಎಕ್ಸ್ ಕಳೆ. ಸರಿಯಾಗಿ ಒಂದಾದರೆ, ನಾಲ್ಕು. ಒಂದರ ಹತ್ತಿರ ಲಿಮಿಟ್ ಎಷ್ಟು?

"ಬೋಲ್, ಪೋರಿ." ಹೇಳು ಹುಡುಗಿ ಎಂದು ಮರಾಠಿಯಲ್ಲಿ ಅವಳನ್ನು ಹಲಗೆಯ ಮುಂದೆ ಕರೆದರು.

ಎಡದಿಂದ ಮೂರು ಬಂತು. ಬಲದಿಂದ ನಾಲ್ಕು. ಒಂದರ ಮೇಲೆ ಕೂತದ್ದೂ ನಾಲ್ಕು. ಇಬ್ಬರು ಒಂದು ಮಾತು ಹೇಳುತ್ತಿದ್ದಾರೆ, ಒಬ್ಬ ಬೇರೆ. ಪಂಚರ ಮುಂದೆ ಹೋದರೆ ನಾಲ್ಕೇ ಗೆಲ್ಲಬೇಕಲ್ಲವೆ?

"ನಾಕು, ನಾಕು" ಎಂದು ಮುಂದಿನ ಬೆಂಚಿನ ಜೋತಿಬಾ ಪಿಸುಗುಟ್ಟಿದ.

ಚೆನ್ನವ್ವ ಕಣ್ಣು ಮುಚ್ಚಿದಳು. ಎರಡೂ ಅಂಗೈ ಕರಿಹಲಗೆಯ ಮೇಲಿಟ್ಟು ಎರಡು ಕಡೆಯಿಂದ ನಡುವಿಗೆ ತಂದಳು.

"ಏ, ಚಪಾತಿ ಲಟ್ಟಸಾಕತ್ತಾಳ!" ಹಿಂದಿನಿಂದ ನಗೆ ಎದ್ದಿತು.

"ಲಿಮಿಟ್ ಇಲ್ರಿ ಸರ್."

"ಮತ್ತ ಆ ನಾಕು? ಬರದೈತಲ್ಲ?"

"ಅದು ಗಂಟ್ರಿ."

"ಎಂಥಾ ಗಂಟು?" ಸರ್ ಕನ್ನಡಕ ಮೇಲೇರಿಸಿ ಹಲಗೆಯನ್ನೇ ನೋಡಿದರು. ಈಗ ಗೊಂದಲ ಅವರ ಪಾಲಿಗೆ ಬಂದಿತ್ತು. ಬಿಡಿಸಿ ಹೇಳಲು ಚೆನ್ನವ್ವನಿಗೆ ಕನ್ನಡದಲ್ಲೂ ಬರಲಿಲ್ಲ, ಮರಾಠಿಯಲ್ಲೂ ಬರಲಿಲ್ಲ. ಇಂಗ್ಲಿಷಿನ ಮಾತೇ ಬೇಡ.

"ಎಡಕ ಮೂರ್ರಿ, ಬಲಕ ನಾಕ್ರಿ" ಎಂದಳು. "ಕೂಡಂಗಿಲ್ರಿ."

ಸರ್ ಕೈಚಾಚಿದರು. "ಅರ್ಜಿ ತಾ." ಕೊಟ್ಟಳು. ಅದನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ತುರುಕಿಕೊಂಡು, "ಹೋಗಿ ಕೂಡು. ನಾಳೆ ಗಣಿತಕ್ಕ ಹೊತ್ತಿಗೆ ಸರಿಯಾಗಿ ಬಾ" ಎಂದರು.

ಚೆನ್ನವ್ವ ಸೀಮೆಸುಣ್ಣ ಮೆತ್ತಿದ ಅಂಗೈಗಳನ್ನು ನೋಡುತ್ತ ಕೂತಳು. ಉತ್ತರ ಸರಿಯಾಗಿತ್ತು, ಯಾಕೆ ಸರಿ ಎಂಬುದು ಕೈಗೆ ತಿಳಿದಷ್ಟು ತಲೆಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಸರ್ ಮುಂದಿನ ಲೆಕ್ಕ ಬರೆದರು. ಇದರಲ್ಲಿ ಎಕ್ಸ್ ಮೂರಾದರೆ ಎಷ್ಟು ಎಂದು ಬರೆದೇ ಇರಲಿಲ್ಲ, ಆ ಜಾಗದಲ್ಲಿ ಬರೀ ತೂತು.

ತೂತು ಬಿದ್ದ ತಾಗಾವನ್ನು ಅವ್ವ ಏನು ಮಾಡುತ್ತಾಳೆ? ಕೇಳಿರಲಿಲ್ಲ.