ಪಾಳಿಯಲ್ಲಿಟ್ಟ ಕೊಡ

ತಿರುವಿದ, ಇನ್ನರ್ಧ ಸುತ್ತು ತಿರುವಿದ, ನಳ ಬರೀ ಉಸಿರು ಬಿಟ್ಟಿತು, ಸುಂಯ್ ಎಂದು, ಆಮೇಲೆ ಅದೂ ಇಲ್ಲ, ಮೌಲಾಸಾಬ ಸೊಂಟಕ್ಕೆ ಕೈ ಕೊಟ್ಟು ಬಗ್ಗಿ ನಳದ ಬಾಯಿಗೆ ಕಿವಿ ಹಚ್ಚಿದ, ಒಳಗೆ ಬಹಳ ದೂರದಲ್ಲಿ ಗಾಳಿ ಸರಿಯುತ್ತಿದೆ, ಅಂದರೆ ನೀರು ಹೊರಟಿದೆ, ಹಾದಿಯಲ್ಲಿದೆ, ಇಲ್ಲಿಗೆ ಮುಟ್ಟಲು ಇನ್ನೂ ಅರ್ಧ ತಾಸು ಬೇಕು, ಮೂವತ್ತೊಂದು ವರ್ಷ ವಿಜಾಪುರದ ಓಣಿ ಓಣಿಗೆ ನೀರು ಬಿಟ್ಟವನ ಕಿವಿ, ಕಣ್ಣಿಗೆ ಪೊರೆ ಬಂದಿದೆ, ಕಿವಿಗೆ ಬಂದಿಲ್ಲ — ಅಬ್ಬಾ, ಅಲ್ಲೇನ್ ಮಾಡಾಕತ್ತೀರಿ, ಬರ್ರಿ, ಒಳಗ ಖೋಲಿ ತೋರಸ್ತಾರಂತ, ಎಂದು ಮಗಳು ಅಬೇದಾ ಕರೆಯುತ್ತಾಳೆ, ಬಂದೆ ಬೇಟಿ, ಬಂದೆ, ಆದರೆ ಕಾಲು ಏಳುವುದಿಲ್ಲ, ನಳದ ಕಟ್ಟೆಯ ಮೇಲೆ ತಂಬಿಗೆಗಳ ಸಾಲು, ಹಿತ್ತಾಳೆಯವು, ಬೆಳ್ಳಗೆ ಹಗುರಾದ ಜರ್ಮನ್ನಿನವು, ಒಂದರ ಹಿಂದೊಂದು, ಮನುಷ್ಯರು ಯಾರೂ ಇಲ್ಲ, ಬರೀ ತಂಬಿಗೆಗಳು ಪಾಳಿ ಹಚ್ಚಿ ನಿಂತಿವೆ, ಹಾಗೆಯೇ ನಿಂತಿತ್ತು ಅದು, ತಾಮ್ರದ ಕೊಡ, ಕಂಠದ ಕೆಳಗೆ ನೆಗ್ಗು ಬಿದ್ದದ್ದು, ಬಿಸಿಲಿನಲ್ಲಿ — ಇಲ್ಲ, ಅದು ಈಗ ಬೇಡ, ಈಗ ಖೋಲಿ ನೋಡಬೇಕು, ಅಜ್ಜಾರ, ನೀರಿನ ಕಾಳಜಿ ಬಿಡ್ರಿ, ಬರ್ತಾವು, ಎನ್ನುತ್ತಾನೆ ಈ ವೃದ್ಧಾಶ್ರಮ ನೋಡಿಕೊಳ್ಳುವ ಹುಡುಗ ಸಂಗಮೇಶ, ಹುಡುಗನೇ, ಮೂವತ್ತು ದಾಟಿರಲಿಕ್ಕಿಲ್ಲ, ಬರ್ತಾವಪ್ಪಾ, ನನಗೆ ಹೇಳುತ್ತೀಯಾ, ಈ ಅಥಣಿ ರಸ್ತೆ ನನ್ನ ಕಾಲಕ್ಕೆ ಬರೀ ಜೋಳದ ಹೊಲ, ಪೈಪು ಆಮೇಲೆ ಎಳೆದದ್ದು, ನೀವು ಪೈಪಿನ ತುದಿಯಲ್ಲಿದ್ದೀರಿ, ಎಲ್ಲರೂ ಕುಡಿದು ತೊಳೆದು ಉಳಿದದ್ದು ಇಲ್ಲಿಗೆ, ಮುದುಕರ ಮನೆಯನ್ನು ಪೈಪಿನ ತುದಿಗೆ ಕಟ್ಟಿದ್ದಾರೆ, ಯಾರೂ ಬೇಕಂತ ಮಾಡಿದ್ದಲ್ಲ, ಜಾಗ ಸಿಕ್ಕದ್ದು ಅಲ್ಲಿ, ಅಷ್ಟೇ.

ಖೋಲಿ ಉದ್ದ, ಸುಣ್ಣದ ಗೋಡೆ, ಎರಡು ಬದಿಗೆ ಕಬ್ಬಿಣದ ಮಂಚ, ಬಿಳಿ ಚಾದರಕ್ಕೆ ಒಂದು ಸುಕ್ಕಿಲ್ಲ, ಗುರುವಾರಕ್ಕೊಮ್ಮೆ ಡಾಕ್ಟರು, ಸಂಜೆಗೆ ಹಾಲು, ಹಲ್ಲಿಲ್ಲದವರಿಗೆ ಮೆತ್ತನ್ನ, ಸಂಗಮೇಶ ಮೆಲ್ಲಗೆ, ಮರ್ಯಾದೆಯಿಂದ ಹೇಳುತ್ತಾನೆ, ಅಬೇದಾ ತಲೆದೂಗುತ್ತ ಕೈಯಲ್ಲಿನ ಹಾಳೆಯಲ್ಲಿ ಏನೋ ಬರೆಯುತ್ತಾಳೆ, ಅವನಿಗೆ ಕಾಣದು ಅಂದುಕೊಂಡಿದ್ದಾಳೆ, ಹತ್ತಿರದ್ದು ಇನ್ನೂ ಕಾಣುತ್ತದೆ, ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ಮೂರು ಗೆರೆ ಎಳೆದು ಮೇಲೆ ತಿಕೋಟಾ, ಬಬಲೇಶ್ವರ, ಅಥಣಿ ರಸ್ತೆ, ಕೆಳಗೆ ಊಟ, ಔಷಧ, ಖೋಲಿ, ಜನ, ಒಂದೊಂದಕ್ಕೂ ಹತ್ತಕ್ಕೆ ಎಷ್ಟು, ಉರ್ದು ಸಾಲಿಯ ಮಾಸ್ತರಬಾಯಿ, ಅಪ್ಪನನ್ನು ಇಡುವ ಜಾಗಕ್ಕೂ ಪರೀಕ್ಷೆ ಇಟ್ಟಿದ್ದಾಳೆ, ಇವಳು ಹೂಂ ಅಂದರೆ ಹತ್ತು ದಿನಕ್ಕೆ ನಿಕಾಹ, ಹುಡುಗ ಇಸಾಕ, ಗದಗಿನಲ್ಲಿ ರೇಲ್ವೆ ನೌಕರಿ, ಹೆಂಡತಿ ಸತ್ತವ, ಎರಡು ಮಕ್ಕಳು, ತಾಯಿ, ಒಂದೇ ಖೋಲಿಯ ಕ್ವಾರ್ಟರ್ಸು, ಅಲ್ಲಿ ಮಾವನಿಗೆ ಕಾಲು ಚಾಚಲು ಜಾಗವಿಲ್ಲ, ಇವಳಿಗೆ ಈಗ ಮೂವತ್ತೊಂದು, ಇದಕ್ಕೂ ಮೊದಲು ಎರಡು ಸಂಬಂಧ ಬಂದವು, ಅಬ್ಬಾನ ನೋಡಾವ್ರು ಯಾರು ಅಂತ ಎರಡನ್ನೂ ಹಿಂದೆ ಕಳಿಸಿದಳು, ಮೂರನೆಯದೂ ಹೋದರೆ ನಾಲ್ಕನೆಯದು ಬರುವುದಿಲ್ಲ, ನೀವೊಂದ್ ಕಡೆ ನೆಟ್ಟಗ ಕುಂತ್ರ ಹೂಂ ಅಂತೀನಿ, ಇಲ್ಲಾಂದ್ರ ಇಲ್ಲ, ಎಂದು ಮೊನ್ನೆ ರೊಟ್ಟಿ ಬಡಿಯುತ್ತ ಹೇಳಿದಳು, ತಿರುಗಿ ನೋಡದೆ, ಅವನು ನೋಡಿದ, ಕಿವಿಯ ಹತ್ತಿರ ಬೆಳ್ಳಿಯಂತೆ ಎರಡು ಕೂದಲು.

ತಿಕೋಟಾಕ್ಕೆ ಮಂಗಳವಾರ ಹೋದದ್ದು, ತಮ್ಮ ಅಬ್ದುಲಸಮದನ ಮನೆ, ಉಳ್ಳಾಗಡ್ಡಿಯ ಚೀಲ ಒಟ್ಟಿದ ಖೋಲಿಯಲ್ಲಿ ಒಂದು ಹೊರಸು ಹಾಕೋಣ ಎಂದ ತಮ್ಮ, ಬಾ ಭಾಯಿ, ನಿನಗೇನ್ ಹೊಸಾ ಮನೀನ ಇದು, ಬಾಗಿಲಿಗೆ ಅಡ್ಡ ತಮ್ಮನ ಹೆಂಡತಿಯ ತಾಯಿ ರಾಜಬಿ ಬಿದ್ದುಕೊಂಡಿದ್ದಳು, ತೊಂಬತ್ತರ ಮುದುಕಿ, ಕಣ್ಣಿಲ್ಲ, ಕಾಲಿನ ಹೆಬ್ಬೆಟ್ಟಿಗೆ ತೊಟ್ಟಿಲ ಹಗ್ಗ ಕಟ್ಟಿದ್ದಾರೆ, ನಿದ್ದೆಯಲ್ಲೂ ಕಾಲು ಅಲುಗುತ್ತದೆ, ತೊಟ್ಟಿಲು ತೂಗುತ್ತದೆ, ಹೋಗುವವರು ಬರುವವರು ಎಲ್ಲ ಅವಳನ್ನು ದಾಟಬೇಕು, ಏ ಬುಡ್ಡಿ ಕಾಲ ತೆಗಿ, ನಿನ್ನ ಕಾಲ ತೆಗಿಯೋ ಭಾಡ್ಯಾ, ನಾ ಇಲ್ಲೇ ಇರಾಕಿ, ಬೈದು ಬೈಸಿಕೊಂಡು ಕೆಂಪಗೆ ನಗುತ್ತಿದ್ದಳು ಎಲೆಯಡಿಕೆಯ ಬಾಯಲ್ಲಿ, ಮೌಲಾಸಾಬನಿಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ, ದಿನಕ್ಕೆ ಇಪ್ಪತ್ತು ಸಲ ಯಾರಾದರೂ ದಾಟಿ ಬೈಯುವಂತಿರಬೇಕು ಮನುಷ್ಯ, ಆದರೆ ಅಡುಗೆಮನೆಯ ಬಾಗಿಲ ಹಿಂದೆ ತಮ್ಮನ ಹೆಂಡತಿ ಸುಗರಾಬಿ, ಒಂದ್ ಮುದಿಜೀವ ಸಂಭಾಳಸೂದ ನನಗ ಆಗವಲ್ದು, ಇನ್ನೊಂದ ತರ್ತೀರೇನ್ರಿ, ಮೆಲ್ಲಗೇ ಅಂದಳು, ಕೆಟ್ಟವಳಲ್ಲ, ಸೊಂಟ ಹಿಡಿದುಕೊಂಡೇ ಚಹಾ ತಂದುಕೊಟ್ಟಳು, ಬಸ್ಸಿನಲ್ಲಿ ಅಬೇದಾ ಕೇಳಿದಳು, ಹೆಂಗ ಅನಸ್ತು ಅಬ್ಬಾ, ಬಾವಿ ದೂರ ಐತಿ, ಅಂದ, ಅವಳು ಹಾಳೆಯಲ್ಲಿ ಏನು ಹಾಕಿದಳೋ.

ಬಬಲೇಶ್ವರದಲ್ಲಿ ಪಾಂಡು, ಇಪ್ಪತ್ತು ವರ್ಷ ಒಟ್ಟಿಗೆ ನೆಲ ಅಗೆದು ಪೈಪು ಹೂಳಿದವ, ಮಗನ ಮನೆಯಲ್ಲಿದ್ದಾನೆ ಅಂತ ಹೋದರೆ ಮನೆಯಲ್ಲಿರಲಿಲ್ಲ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ, ಟವೆಲ್ ಹಾಸಿಕೊಂಡು, ಬಾರಲೇ ಮೌಲ್ಯಾ, ಸತ್ತಿಲ್ಲೇನು ಇನ್ನಾ, ನಿನ್ನ ಬಿಟ್ಟ ಹೆಂಗ ಸಾಯ್ಲಿ, ಇಬ್ಬರೂ ನಕ್ಕರು, ಮುಂಜಾನೆ ಬಂದು ಕೂಡುತ್ತಾನಂತೆ, ಮನ್ಯಾಗ ಸೊಸಿ ಹೊಲಿಗಿ ಮಷೀನ ಹಾಕ್ಯಾಳ, ನಾ ಕುಂತ್ರ ಅರಿವಿ ಹರವಾಕ ಜಾಗಾ ಇಲ್ಲ, ಇಲ್ಲಿ ಜಮಖಂಡಿ ಬಸ್ಸಿಗೆ ಯಾರ್ ಬಂದ್ರು ಯಾರ್ ಹೋದ್ರು ನೋಡ್ತೀನಿ, ಮತ್ತ ನೌಕರಿ ಸಿಕ್ಕಂಗಾಗೇತಿ, ರಜಾ ಒಂದ್ ಇಲ್ಲ, ನೀನೂ ಬಾ, ಆ ಕಡೆ ಕಟ್ಟಿ ನಿಂದು, ಆ ಹೊತ್ತಿನವರೆಗೆ ಮೌಲಾಸಾಬನಿಗೆ ನಿಜವಾಗಿಯೂ ಅಲ್ಲಿಯೇ ಉಳಿದುಬಿಡಬೇಕು ಅನ್ನಿಸಿತ್ತು, ಅಬೇದಾ ಕೇಳಿದಳು, ಕಾಕಾ, ಮಳಿ ಬಂದ್ರ ಎಲ್ಲಿ ಕೂಡ್ತೀರಿ, ಪಾಂಡು ಚಹಾ ಹೇಳಿದ, ಬಸ್ಸು ಹೊರಟಾಗ ಬದಿಯ ತಗಡಿಗೆ ಎರಡು ಸಲ ಬಡಿದು ರೈಟ್ ಎಂದ, ಕಂಡಕ್ಟರಿಗಿಂತ ಜೋರಾಗಿ, ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡ.

ಇಲ್ಲಿ ಯಾರೂ ಬೈಯುವುದಿಲ್ಲ, ಯಾರೂ ದಾಟುವುದಿಲ್ಲ, ಮಂಚ ಮಂಚಕ್ಕೂ ನಡುವೆ ಒಬ್ಬರು ಓಡಾಡುವಷ್ಟು ಜಾಗ, ಒಬ್ಬಾತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾನೆ, ಬೆಳಗಿನ ಹತ್ತೂವರೆಗೇ, ಸ್ವಚ್ಛ, ಬಹಳ ಸ್ವಚ್ಛ, ಇದಕ್ಕೆ ಒಂಬತ್ತಾದರೂ ಕೊಡುತ್ತಾಳೆ, ಕೊಡಲಿ, ಹೂಂ ಅಂದುಬಿಡಬೇಕು, ಅವನು ಮತ್ತೆ ಅಂಗಳಕ್ಕೆ ಬಂದ, ನಳದ ಕಟ್ಟೆಯ ಹತ್ತಿರ ಈಗ ಒಬ್ಬ ಮುದುಕಿ ಕುಕ್ಕರಗಾಲಲ್ಲಿ ಕೂತು ತಂಬಿಗೆಗಳನ್ನು ನೆಟ್ಟಗೆ ಮಾಡುತ್ತಿದ್ದಾಳೆ, ಸಖೂಬಾಯಿ ಅಂತ ಹೆಸರು, ತಾನಾಗಿಯೇ ಹೇಳಿದಳು, ಮುಂದಿನ ಮೂರನೆಯದು ಹೀರಾಬಾಯೀದ್ರಿ, ದವಾಖಾನಿಗೆ ಒಯ್ದಾರ, ಹನ್ನೆರಡ ದಿನ ಆತು, ಏನ್ ಆತೋ ಯಾರೂ ಹೇಳವಲ್ರು, ಬಂದ್ಳಂದ್ರ ಪಾಳಿ ತಪ್ಪಬಾರದಲ್ರಿ, ಅದಕ್ಕ ದಿನಾ ಇಡ್ತೀನಿ, ಮೂರನೆಯದು, ಹೌದು, ಅದೂ ಮೂರನೆಯದೇ ಇತ್ತು, ತಾಮ್ರದ ಕೊಡ, ನೆಗ್ಗು ಈಚೆ ಕಡೆ ತಿರುಗಿತ್ತು, ಎಪ್ಪತ್ತೆರಡರ ಬರ, ಭೂತನಾಳದ ಕೆರೆ ತಳ ಕಂಡಿತ್ತು, ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು, ಚಾವಿ ಅವನ ಕೈಯಲ್ಲಿ, ನೀರಿನ ವಾಲ್ ತಿರುವುವ ಹೆಗಲೆತ್ತರದ ಕಬ್ಬಿಣದ ಚಾವಿ, ಮೂರು ದಿನದಿಂದ ಹೆಂಡತಿ ಸಕೀನಾಗೆ ವಾಂತಿ ಭೇದಿ, ಔಷಧ ಕುಡಿಸಿದ್ದರು, ಮನೆಯಲ್ಲಿ ಒಂದು ಹನಿ ನೀರು ಉಳಿದಿರಲಿಲ್ಲ, ಮುಂಜಾನೆ ಮಲಗಿದಲ್ಲಿಂದಲೇ ಅಂದಳು, ಏನ್ರಿ, ಹತ್ತ ನಿಮಿಷ ನಮ್ಮ ವಾಲ್ ತಿರುವ್ರಿ, ಯಾರ್ ನೋಡ್ತಾರ, ಮೈ ತೊಳಕೋತೀನಿ, ನನಗ ನನ್ನ ವಾಸನಿ ತಡಕೊಳ್ಳಾಕ ಆಗವಲ್ದು, ಇವತ್ತ ನಮ್ಮ ಪಾಳಿ ಅಲ್ಲ, ಅಂದ ಅವನು, ಅಷ್ಟೇ ಅಂದ, ಹೊಸ್ತಿಲಲ್ಲಿ ಅಬೇದಾ, ಇನ್ನೂ ಸಣ್ಣ ಹುಡುಗಿ, ಕೇಳುತ್ತ ನಿಂತಿದ್ದಳು, ಚಾವಿ ಹೆಗಲಿಗಿಟ್ಟು ಹೊರಟ, ಮಧ್ಯಾಹ್ನ ಇಬ್ರಾಹಿಂಪುರದ ರೇಲ್ವೆ ಹಳಿ ದಾಟಿ ತನ್ನ ಓಣಿಗೆ ತಿರುಗಿದರೆ ನಳದ ಮುಂದೆ ನಾಳೆಯ ನೀರಿಗೆ ಇವತ್ತೇ ಇಟ್ಟ ಕೊಡಗಳು, ಮೂರನೆಯದು ಸಕೀನಾಳದು, ಎದ್ದಾಳ, ಅಂದುಕೊಂಡ, ತಾನೇ ಬಂದು ಕೊಡ ಇಟ್ಟು ಹೋಗ್ಯಾಳ, ಆರಾಮಾಗ್ಯಾಳ, ಎದೆ ಹಗುರಾಗಿ ಮೂಲೆಯ ಅಂಗಡಿಯಲ್ಲಿ ನಿಂತು ಚಹಾ ಕುಡಿದ, ಬಸಿಯಲ್ಲಿ ಹಾಕಿಕೊಂಡು ಆರಿಸಿ ಆರಿಸಿ ಕುಡಿದ, ಕೊಡ ಇಟ್ಟವಳು ನೆರೆಮನೆಯ ರುಕ್ಮವ್ವ, ಆ ಹೊತ್ತಿಗೆ ಸಕೀನಾ ತೀರಿಹೋಗಿ ಒಂದು ತಾಸಾಗಿತ್ತು, ಅವಳ ಮಯ್ಯತ್ತು ತೊಳೆಯಲು ಆ ರುಕ್ಮವ್ವನೇ ತಾನು ಉಳಿಸಿಕೊಂಡ ತುಂಬಿದ ಕೊಡ ಎತ್ತಿಕೊಂಡು ಬಂದಳು, ಹಿಂದೆ ಓಣಿಯ ಮುರಿಗೆವ್ವ ಅರ್ಧ ಬಕೀಟು, ಯಾರಾದರೂ ತನ್ನನ್ನು ಬೈಯಬೇಕಿತ್ತು, ಅಬೇದಾ ಇವತ್ತಿಗೂ ಆ ಮುಂಜಾನೆಯ ಮಾತು ಎತ್ತಿಲ್ಲ, ಅಂದಿನಿಂದ ಮನೆಯಲ್ಲಿ ಒಂದು ಕೊಡ ಖಾಲಿ ಇರಲು ಬಿಟ್ಟಿಲ್ಲ, ದಿನಾ ನೀರು ಬಂದರೂ ತುಂಬಿಡುತ್ತಾಳೆ, ಅಷ್ಟೇ.

ನಳ ಕೆಮ್ಮಿತು, ಒಮ್ಮೆ, ಮತ್ತೊಮ್ಮೆ, ಕೆಂಪು ನೀರು ಉಗುಳಿ ತಿಳಿಯಾಯಿತು, ಸಖೂಬಾಯಿ ಮೊದಲನೆಯದನ್ನು ಹಿಡಿದಳು, ಎರಡನೆಯದನ್ನು ಹಿಡಿದಳು, ಹಿಂದೆ ಹೆಜ್ಜೆಯ ಸಪ್ಪಳ, ಅಬೇದಾಳದು, ಎಷ್ಟು ದೂರದಿಂದಲೂ ತಿಳಿಯುತ್ತದೆ, ಹಾಳೆಯನ್ನು ಮಡಚುತ್ತಿದ್ದಾಳೆ, ಮಡಚಿ ಮಡಚಿ ಉಗುರಿನಷ್ಟು ಮಾಡಿದಳು, ಅಬ್ಬಾ, ನಡೀರಿ ಮನಿಗಿ, ಇಸಾಕಗ ಇವತ್ತ ಕಾಗದ ಹಾಕ್ತೀನಿ, ನಿಮ್ಮನ್ನ ಇಲ್ಲಿ ಬಿಟ್ಟು ನನಗ ನಿಕಾಹ ಬ್ಯಾಡ, ಹೆಂಗ ಅದೀವಿ ಹಂಗ ಇರೂಣು, ಇಬ್ಬರ, ಮೆಲ್ಲಗೆ ಅಂದಳು, ಎಷ್ಟು ಸಲೀಸಾಗಿ ಅಂದಳು, ಮನೆ ಅಂದರೆ ಸಂಜೆಯ ರೇಲ್ವೆ ಗಾಡಿಗೆ ಅಲುಗುವ ಕಪಾಟಿನ ಪಾತ್ರೆಗಳು, ರೊಟ್ಟಿ ಬಡಿಯುವ ಸಪ್ಪಳ, ಚಹಾ ಇಟ್ಟೀನಿ ಅಬ್ಬಾ ಅನ್ನುವ ದನಿ, ಒಂದು ಹೂಂ ಸಾಕು, ಹತ್ತು ನಿಮಿಷ, ಯಾರು ನೋಡುತ್ತಾರೆ, ಅರ್ಧ ಸುತ್ತು ತಿರುವಿದರೆ ಎಲ್ಲ ನೀರೂ ಈ ಕಡೆಗೇ ಹರಿಯುತ್ತದೆ, ಹೊಸ್ತಿಲಲ್ಲಿ ನಿಂತ ಆ ಮುಂಜಾನೆಯಿಂದ ನಿಂತೇ ಇದ್ದಾಳೆ ಇವಳು, ತಾಯಿಗಾಗಿ ನಿಂತಳು, ಅಪ್ಪನಿಗಾಗಿ ನಿಂತಳು, ಕಿವಿಯ ಹತ್ತಿರ ಎರಡು ಬೆಳ್ಳಿ ಕೂದಲು, ಮೂರನೆಯ ತಂಬಿಗೆ ಈಗ ನಳದ ಕೆಳಗೆ, ಹೀರಾಬಾಯಿಯದು, ತುಂಬಿತು, ಕಂಠದವರೆಗೆ ಬಂತು, ಚೆಲ್ಲಿತು, ಸಖೂಬಾಯಿ ತೆಗೆಯುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾಳೆ, ನೀರು ಕಟ್ಟೆ ಇಳಿದು ಅವನ ಚಪ್ಪಲಿಗೆ ಬಂತು, ತಣ್ಣಗೆ, ಮೂರನೆಯದು, ಬಿಸಿಲಲ್ಲಿ, ನೆಗ್ಗು ಈಚೆ ಕಡೆ, ಕೊಡ, ಖಾಲಿ ಕೊಡ, ಕೊಡ — ಅಬ್ಬಾ, ನಡೀರಿ, ಅಂದಳು ಅಬೇದಾ, ತೋಳು ಹಿಡಿದು.

ಇಲ್ಲ, ಅಂದ ಮೌಲಾಸಾಬ, ಇವತ್ತ ನನ್ನ ಪಾಳಿ ಅಲ್ಲ, ನಿಂದು.