ಹರಕೆ ತೀರಿದ ಕೈ

ರಂಗಮ್ಮ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಕೌದಳ್ಳಿಗೆ ಬಂದಿಳಿದಾಗ, ಅವಳ ಬೋಳುತಲೆ ಕಂಡು ಮಗಳು ಕವಿತ ಬೆಚ್ಚಿಬಿದ್ದಳು. ಕೇಳಿದ್ದು ಕೈಗೂಡಿದ ಮೇಲಲ್ಲವೆ ಹರಕೆ ಒಪ್ಪಿಸುವುದು? ಅವ್ವನ ಪಾಲಿಗೆ ಮಗನ ಕೈ ವಾಸಿಯಾಗಿಹೋಗಿತ್ತು.

ಮಗ ಪ್ರಭುಸ್ವಾಮಿ ಬೆಟ್ಟಕ್ಕೆ ಭಕ್ತರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದವನು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತು. ಬೆರಳು ಆಡಿಸುತ್ತಿರು ಎಂದರು ಡಾಕ್ಟರು. ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಆಗ ಕವಿತ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟಳು. ನಕ್ಷತ್ರಗಳ ನಡುವೆ ಹಡಗುಗಳ ಕಾದಾಟ. ಶತ್ರುವಿನ ಹಡಗು ಓಡುತ್ತಲೇ ಇರುತ್ತದೆ. ಅದು ಇರುವಲ್ಲಿಗೆ ಹೊಡೆದರೆ ಗುಂಡು ಹಿಂದೆ ಬೀಳುತ್ತದೆ. ಇನ್ನೊಂದು ಗಳಿಗೆಗೆ ಅದು ಎಲ್ಲಿರುತ್ತದೆಂದು ಆಟವೇ ಲೆಕ್ಕ ಹಾಕಿ, ಮುಂದೆ ಒಂದು ಕೆಂಪು ಉಂಗುರ ತೋರಿಸುತ್ತದೆ. ಬೆರಳು ಆ ಉಂಗುರಕ್ಕೆ ಹೋಗಬೇಕು.

ಅವನ ಬೆರಳು ಹೋಗಲಿಲ್ಲ. ಫೋನು ಮೂಲೆಗೆ ಎಸೆದ. ಕವಿತ ಅದನ್ನು ಎತ್ತಿಕೊಂಡು, ಸೆಟ್ಟಿಂಗಿನಲ್ಲಿ ಏಮ್ ಅಸಿಸ್ಟ್, ಅಂದರೆ ಗುರಿಗೆ ಆಸರೆ, ಎಂಬುದನ್ನು ಪೂರಾ ಏರಿಸಿಟ್ಟಳು. ಅಣ್ಣನಿಗೆ ಹೇಳಲಿಲ್ಲ. ಆಮೇಲೆ ಬೆರಳು ಆಸುಪಾಸು ತಡವರಿಸಿದರೂ ಸಾಕು, ಬಂದೂಕು ತಾನೇ ಜಾರಿ ಉಂಗುರ ಹಿಡಿಯುತ್ತಿತ್ತು.

“ಬಿತ್ತು ಕನವ್ವಾ! ಇನ್ನೊಂದೂ ಬಿತ್ತು!”

ಎದ್ದು ಕುಳಿತ. ಹೊಟ್ಟೆ ತುಂಬ ಉಂಡ. ಕೈ ನಿಜಕ್ಕೂ ಬರುತ್ತ ಬರುತ್ತ ಆಸರೆ ಇಳಿಸಿದರಾಯಿತು ಎಂದುಕೊಂಡಳು ಕವಿತ. ಒಮ್ಮೆ ಇಳಿಸಿಯೂ ನೋಡಿದಳು. ಅಣ್ಣನ ಮುಖ ಬಾಡಿದ್ದು ಕಂಡು ಮತ್ತೆ ಏರಿಸಿದಳು. ಅವನ ಗುರಿ ತಪ್ಪದಿರುವುದನ್ನೇ ನೋಡಿ ಅವ್ವ ಬೆಟ್ಟ ಹತ್ತಿದ್ದಳು.

“ಸೋಮಾರ ಜೀಪ್ ತಗೀತೀನಿ,” ಅಂದ ಪ್ರಭುಸ್ವಾಮಿ.

“ಡಾಕ್ಟ್ರ ಒಂದ್ಸಲ ಕೇಳಾಣ ಅಣ್ಣ.”

ರಂಗಮ್ಮ ಸಿಡುಕಿದಳು. “ಮಾದಪ್ಪ ಕೊಟ್ಟುದ್ದ ಡಾಕ್ಟ್ರ ಕೇಳೀಯಾ? ತಲೆ ಬೋಳುಸ್ಕ ಬಂದಿವ್ನಿ, ಕಾಣಕಿಲ್ವಾ?”



ಸೋಮವಾರ ಬಸ್‌ಸ್ಟಾಂಡಿನ ಬಳಿ ಜೀಪು ತುಂಬಿತು. ಉಘೇ ಮಾದಪ್ಪ ಎನ್ನುತ್ತ ಹೆಂಗಸರು, ಮಡಿಲ ಮಕ್ಕಳು. ಕವಿತ ಏದುಸಿರು ಬಿಡುತ್ತ ಓಡಿಬಂದು ಫೋನು ಚಾಚಿದಳು.

“ಅಣ್ಣ, ಒಂದೇ ಒಂದು ಆಟ ಆಡು.”

“ಏನಮ್ಮಿ, ಜನ ಕುಂತವ್ರೆ!”

“ಆಡಿ ಸಾ,” ಹಿಂದಿನಿಂದ ಒಬ್ಬ ನಕ್ಕ, “ಮಾದಪ್ಪ ಎಲ್ಲೂ ಓಗಕಿಲ್ಲ.”

ನಗುತ್ತಲೇ ಆಡಿದ. ಗುಂಡುಗಳೆಲ್ಲ ಹಡಗಿನ ಹಿಂದೆ ಹಾದುಹೋದವು. ಮತ್ತೆ ಆಡಿದ.

“ಪೋನ್ ಕೆಟ್ಟೋಗದೆ ಕನಮ್ಮಿ.”

“ಪೋನ್ ಸರ್ಯಾಗದೆ ಅಣ್ಣ.” ಇಷ್ಟು ದಿನ ಗುರಿ ಹಿಡಿದದ್ದು ಆಟದ ಆಸರೆ, ಈಗ ಅದನ್ನು ಇಳಿಸಿದ್ದೇನೆ ಎಂದು ಅವಳು ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದಳು.

“ಯಾವತ್ತಿಂದ?”

“ನೀನು ಪೋನ್ ಎಸುದ್ಯಲ್ಲ, ಅವತ್ತಿಂದ್ಲೂವೆ.”

ಘಾಟಿಯ ತಿರುವಿನಲ್ಲಿ ಎಡಗೈ ಗೇರಿಗೆ ಹೋಗುತ್ತದೆ. ಆಗ ಸ್ಟೇರಿಂಗ್ ಹಿಡಿಯುವುದು ಬಲಗೈ ಒಂದೇ. ಅವನು ಎಡಗೈಯನ್ನು ಗೇರಿನ ಮೇಲಿಟ್ಟು ಬಲಗೈಯಿಂದ ಸ್ಟೇರಿಂಗ್ ಎಳೆದು ನೋಡಿದ. ಬೆರಳು ಜಾರಿದವು. ಇನ್ನೊಮ್ಮೆ ಎಳೆದ. ಮತ್ತೆ ಜಾರಿದವು. ಹಿಂದೆ ಒಂದು ಕೂಸು ಕಿಲಕಿಲ ನಗುತ್ತಿತ್ತು.

“ಇಳೀರಪ್ಪ, ಕ್ಲಚ್ ಓಗದೆ. ಬಸ್ಸಲ್ ಓಗಿ.”

“ಅತ್ತಕ್ ಮುಂಚೆ ಏಳ್ಬಾರ್ದಾ ಸ್ವಾಮಿ!” ಗೊಣಗುತ್ತ ಇಳಿದರು.

ಜೀಪು ಖಾಲಿಯಾದ ಮೇಲೆ ಅವನು ತಂಗಿಯ ಕಡೆ ನೋಡದೆ ಅಂದ: “ಅವ್ವಂಗೆ ಏಳ್ಬೇಡ. ಆ ಆಸರೆ ಮತ್ತೆ ಆಕ್ಬುಡು.”

ಈಗ ಜೀಪು ಹುಣಸೆಮರದ ಕೆಳಗೆ ನಿಂತಿದೆ. ಕ್ಲಚ್ಚಿನ ಸಾಮಾನು ಇನ್ನೂ ಬಂದಿಲ್ಲ ಅನ್ನುತ್ತಾನೆ. ದಿನಾ ಸಂಜೆ ಅವ್ವನಿಗೆ ಕಾಣುವಂತೆ ಜಗುಲಿಯಲ್ಲಿ ಕೂತು ಆಡುತ್ತಾನೆ. ಬಿತ್ತು ಎಂದು ಕೂಗುವುದಿಲ್ಲ. ರಂಗಮ್ಮನೇ ದಾರಿಹೋಕರನ್ನು ಕರೆಯುತ್ತಾಳೆ: “ಬಂದ್ ನೋಡ್ರವ್ವ, ನನ್ ಮಗ ಒಂದ್ನೂ ಬುಡಕಿಲ್ಲ!”

ಆಮೇಲೆ ಒಳಗೆ ಬಂದು ದೀಪ ಹಚ್ಚಿ ಕೈ ಮುಗಿಯುತ್ತಾಳೆ. ಪಕ್ಕದಲ್ಲೇ ನಿಂತ ಕವಿತಳಿಗೆ ಪ್ರತಿ ಮಾತೂ ಕೇಳಿಸುತ್ತದೆ.

“ಕೈ ಕೊಟ್ಟೆ ನನ್ನಪ್ಪ. ಆ ಕ್ಲಚ್ಚೊಂದ ಸಿಕ್ಕುಸ್ಕೊಟ್ಬುಡು. ಗುಡಿ ಸುತ್ತ ಉರುಳುಸೇವೆ ಮಾಡ್ತೀನಿ.”