ಆರು ಅಂಕಿ ಹೇಳಿದ ಮೇಲೆ

ಶಾಲೆ ಶುರುವಾಗುವ ಸಮಯ. ಟೈಲರಮ್ಮನ ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ ಬಿದ್ದಿತ್ತು. ಕಾಲು ಹೊಲಿಗೆ ಯಂತ್ರದ ಮೇಲೆ, ಮೊಬೈಲು ಭುಜಕ್ಕೂ ಕಿವಿಗೂ ನಡುವೆ. ಆ ಕಡೆಯಿಂದ ಒಬ್ಬಳು ಬೆಣ್ಣೆಯಂತೆ ಮಾತಾಡುತ್ತಿದ್ದಳು.

“ಮೇಡಂ, ನಿಮ್ಮ ಕ್ರೆಡಿಟ್ ಕಾರ್ಡಿಗೆ ವರ್ಷದ ಶುಲ್ಕ ಬೀಳುತ್ತೆ. ನಾನು ರದ್ದು ಮಾಡಿಕೊಡ್ತೀನಿ.”

ಟೈಲರಮ್ಮನ ಹೆಸರು, ವಿಳಾಸ ಎಲ್ಲ ಅವಳೇ ಹೇಳಿದಳು. ಸರಿಯಿದೆಯಾ ನೋಡೋಣ ಅಂತ ಕಾರ್ಡಿನ ನಂಬರನ್ನೂ ಹಿಂಬದಿಯ ಮೂರಂಕಿಯನ್ನೂ ಓದಿಸಿಕೊಂಡಳು.

“ಈಗೊಂದು ಮೆಸೇಜ್ ಬಂತಲ್ಲ, ಅದರ ಆರು ಅಂಕಿ ಹೇಳಿಬಿಡಿ, ಮುಗೀತು.”

ಟೈಲರಮ್ಮ ಹೇಳಿದಳು. ಫೋನು ಕಟ್ಟಾಯಿತು. ಮರುಕ್ಷಣವೇ ಇನ್ನೊಂದು ಮೆಸೇಜು: ನಿಮ್ಮ ಕಾರ್ಡಿನಿಂದ ನಲವತ್ತೆರಡು ಸಾವಿರ ಖರ್ಚಾಗಿದೆ.

“ಅಯ್ಯೋ!” ಎಂದು ಕೂಗಿದಳು. ಪಕ್ಕದಲ್ಲೇ ಫ್ಯಾನ್ ರಿಪೇರಿ ಮಾಡುತ್ತಿದ್ದ ಗಂಡ ಓಡಿ ಬಂದ, ಮೆಸೇಜು ಓದಿದ, ಮುಖ ಬಿಳಿಚಿಕೊಂಡಿತು.

“ಯಾರಿಗೂ ಹೇಳ್ಬೇಡ,” ಎಂದ. “ಹೋದದ್ದು ಹೋಯ್ತು. ಹೇಳಿದ್ರೆ ಬರುತ್ತಾ? ಬೀದಿಯವರೆಲ್ಲ ನಗ್ತಾರೆ ಅಷ್ಟೆ.”

ಅಷ್ಟರಲ್ಲಿ ಹೊಲಿಯಲು ಕೊಟ್ಟ ಕೋಟು ಒಯ್ಯಲು ಕ್ಯಾಶಿಯರ್ ಅಕ್ಕ ಬಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

“ಯಾಕಮ್ಮ, ಹೀಗೆ ಬೆವರ್ತಾ ಇದ್ದೀಯ?”

ಟೈಲರಮ್ಮನಿಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟಳು.

“ಎಷ್ಟು ಹೊತ್ತಾಯ್ತು?”

“ಐದು ನಿಮಿಷ ಆಗಿರಬಹುದು ಅಕ್ಕಾ.”

“ಅಳೋದು ಆಮೇಲೆ. ಮೊದಲು ಕಾರ್ಡಿನ ಹಿಂದೆ ಇರೋ ನಂಬರಿಗೆ ಫೋನ್ ಮಾಡು!”

“ಸುಮ್ನಿರಿ ಅಕ್ಕಾ, ಏನು ಪ್ರಯೋಜನ?” ಎಂದ ಗಂಡ. ಅಕ್ಕ ಅವನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

ಟೈಲರಮ್ಮ ಫೋನ್ ಮಾಡಿದಳು. ಬ್ಯಾಂಕಿನವರು ಕಾರ್ಡನ್ನು ತಕ್ಷಣ ಬಂದ್ ಮಾಡಿದರು. “ಈಗಷ್ಟೇ ಇನ್ನೂ ಮೂವತ್ತೈದು ಸಾವಿರ ಎಳೆಯೋಕೆ ನೋಡಿದ್ರು ಮೇಡಂ, ಅದು ನಿಂತಿದೆ. ಪೊಲೀಸರಿಗೂ ದೂರು ಕೊಡಿ,” ಎಂದರು.

ಮೂವರೂ ಠಾಣೆಗೆ ಹೋದರೆ ಬೆಂಚಿನ ಮೇಲೆ ಜಾಗವೇ ಇರಲಿಲ್ಲ. ಒಬ್ಬರು ಹೈಸ್ಕೂಲಿನ ಹೆಡ್‌ಮಿಸ್, ಇನ್ನೊಬ್ಬರು ಹಲ್ಲಿನ ಡಾಕ್ಟರು. ಎಲ್ಲರದೂ ಕಾರ್ಡಿನ ಗೋಳೇ.

“ಡಾಕ್ಟರಿಗೂ ಹೀಗಾಗುತ್ತಾ?” ಟೈಲರಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು.

“ಈ ತಿಂಗಳಲ್ಲಿ ನೀವು ಹತ್ತೊಂಬತ್ತನೆಯವರಮ್ಮ,” ಎಂದರು ಪೇದೆ, ಪೆನ್ನು ಕೆಳಗಿಡದೆ. “ಇದು ಬಂದು ಹೇಳಿದವರ ಲೆಕ್ಕ. ನಾಚಿಕೆಗೆ ಮನೆಯಲ್ಲೇ ಕೂತವರು ಇನ್ನೆಷ್ಟೋ.”

ಬಾಗಿಲಿಗೆ ಒರಗಿದ್ದ ಗಂಡ ಮುಂದೆ ಬಂದ.

“ಸರ್, ನನ್ನದೂ ಒಂದು ಬರ್ಕೊಳ್ಳಿ.”

ಟೈಲರಮ್ಮ ತಿರುಗಿ ನೋಡಿದಳು.

“ಎಂಟು ತಿಂಗಳಾಯ್ತು. ಅರವತ್ತು ಸಾವಿರ. ಇದೇ ವರ್ಷದ ಶುಲ್ಕ, ಇದೇ ಆರು ಅಂಕಿ.” ಅವನು ಹೆಂಡತಿಯ ಮುಖ ನೋಡಲಿಲ್ಲ. “ಬೈಕು ಹಳೇದಾಯ್ತು ಅಂತ ಮಾರಿದ್ದಲ್ಲ ಕಣೇ. ಆ ಸಾಲ ತೀರಿಸೋಕೆ ಮಾರಿದೆ.”

ನಲವತ್ತೆರಡು ಸಾವಿರ ಹೋದಾಗಲೂ ಅವಳಿಗೆ ಇಷ್ಟು ನೋವಾಗಿರಲಿಲ್ಲ.

“ಒಂದು ಮಾತು ಹೇಳಿದ್ದಿದ್ರೆ,” ಎಂದಳು, “ನಾನು ಇವತ್ತು ಆ ನಂಬರ್ ಹೇಳ್ತಿದ್ನಾ?”

ಪೇದೆ ಇನ್ನೊಂದು ಹಾಳೆ ಎಳೆದುಕೊಂಡರು.

ಬೇಗ ತಿಳಿಸಿದ್ದರಿಂದ ಅವಳ ಹಣದಲ್ಲಿ ಇಪ್ಪತ್ತೆಂಟು ಸಾವಿರ ತಿಂಗಳೊಳಗೆ ಹಿಂದಕ್ಕೆ ಬಂತು. ಅವನದು ಒಂದು ಕಾಸೂ ಬರಲಿಲ್ಲ. ಈಗ ಫ್ಯಾನ್ ರಿಪೇರಿಗೆ ಹೋದ ಮನೆಗಳಲ್ಲೆಲ್ಲ ಅವನು ತನ್ನ ಕಥೆ ತಾನೇ ಹೇಳುತ್ತಾನೆ. ಕೆಲವರು ನಗುತ್ತಾರೆ, ನಗಲಿ ಅನ್ನುತ್ತಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮೊಬೈಲಿಗೆ ಬಂದ ಆ ಆರು ಅಂಕಿ, ಅಂದರೆ ಓಟಿಪಿ, ನಿಮ್ಮದು ಮಾತ್ರ. ಬ್ಯಾಂಕಿನವರು ಅಂತ ಹೇಳಿಕೊಂಡು ಯಾರೇ ಕೇಳಲಿ, ಹೇಳಬೇಡಿ, ಫೋನು ಇಟ್ಟುಬಿಡಿ. ಕಾರ್ಡಿನ ಹಿಂದಿರುವ ಸಹಾಯದ ನಂಬರನ್ನು ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನೀವೇ ಒಮ್ಮೆ ಮೋಸ ಹೋಗಿದ್ದರೆ, ಇವತ್ತು ಊಟಕ್ಕೆ ಕೂತಾಗ ಅದನ್ನು ಮನೆಯವರಿಗೆ ಹೇಳಿ.